ಹಸುಗೂಸಿಗೆ ಉಸಿರಾಟದ ಮಾನಿಟರ್ ತಗೋಬೇಕಾ? ತೊಟ್ಟಿಲು, ಫ್ಯಾನು, ಕರೆಂಟು ಎಲ್ಲ ಲೆಕ್ಕ ಹಾಕಿ ಹೇಳಿ

ಮಂಡ್ಯ_ಅಪ್ಪ:

ಮಗುವಿಗೆ ಇವತ್ತಿಗೆ 12 ದಿನ. 37 ವಾರ ತುಂಬಿ ಮೂರು ದಿನಕ್ಕೆ ಹೆರಿಗೆ, ತೂಕ 2.6 ಕೆಜಿ, ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಡುವ ಪ್ರಮೇಯ ಬರಲಿಲ್ಲ. ಬಾಣಂತನ ಮಂಡ್ಯದಲ್ಲಿ, ಹೆಂಡತಿಯ ತವರಲ್ಲಿ. ಹಗಲು ಮರದ ತೊಟ್ಟಿಲು, ರಾತ್ರಿ ಅಮ್ಮನ ಪಕ್ಕದಲ್ಲೇ ಹತ್ತಿ ಹಾಸಿಗೆ.

ನಿದ್ದೆಯಲ್ಲಿ ಬೇಗ ಬೇಗ ಐದಾರು ಉಸಿರು ಎಳೆದುಕೊಂಡು ಆಮೇಲೆ ಪೂರ್ತಿ ನಿಲ್ಲಿಸಿಬಿಡುತ್ತೆ. ಫೋನಲ್ಲಿ ನೋಡಿದರೆ 6–7 ಸೆಕೆಂಡು. ಮತ್ತೆ ತಾನೇ ಶುರು. ಬಣ್ಣ ಬದಲಾಗಲ್ಲ, ಹಾಲು ಚೆನ್ನಾಗಿ ಕುಡಿಯುತ್ತೆ. ಆದರೂ ರಾತ್ರಿ ಇಬ್ಬರಲ್ಲಿ ಒಬ್ಬರು ಎದ್ದೇ ಕೂತಿರ್ತೀವಿ.

ಆನ್‌ಲೈನಲ್ಲಿ ಮೂರು ಥರದ್ದು ಸಿಗ್ತಿದೆ: ಹಾಸಿಗೆ ಕೆಳಗೆ ಇಡುವ ಪ್ಯಾಡು, ಡೈಪರಿಗೆ ಸಿಕ್ಕಿಸುವ ಕ್ಲಿಪ್ಪು, ಕಾಲಿಗೆ ಹಾಕುವ ಸಾಕ್ಸು. ಯಾವುದು ನಂಬಬಹುದು? ಕರೆಂಟ್ ಹೋದರೆ ಏನಾಗುತ್ತೆ? ಕೋವಿಡ್ ಕಾಲದಲ್ಲಿ ತಂದ ಬೆರಳಿನ ಆಕ್ಸಿಮೀಟರ್ ಮನೇಲಿದೆ, ಅದನ್ನೇ ಪಾದಕ್ಕೆ ಹಾಕಬಹುದಾ?

ಎನ್‌ಐಸಿಯು_ಸಿಸ್ಟರ್:

ಸಾರ್, ಮೊದಲು ಆ 6–7 ಸೆಕೆಂಡಿನ ವಿಷಯ. ಇದಕ್ಕೆ ಪೀರಿಯಾಡಿಕ್ ಬ್ರೀದಿಂಗ್ ಅಂತಾರೆ. ಮೆದುಳಲ್ಲಿ ಉಸಿರಿನ ಲಯ ಹಿಡಿಯುವ ಭಾಗ ಇನ್ನೂ ಬಲಿತಿರಲ್ಲ. ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಉಸಿರು ಎಳೆಯೋ ಪ್ರಚೋದನೆ ಕಮ್ಮಿಯಾಗಿ ಮಗು ಸುಮ್ಮನಾಗುತ್ತೆ. ಅದು ಏರಿದ ಕೂಡಲೇ ಮತ್ತೆ ಶುರು. 5ರಿಂದ 10 ಸೆಕೆಂಡು ನಿಂತು, ಬಣ್ಣ ಕೆಡದೆ, ಮೈ ಜೋಲು ಬೀಳದೆ ತಾನಾಗೇ ಶುರುವಾದರೆ ಅದು ಈ ವಯಸ್ಸಿನ ಸಹಜ ಉಸಿರಾಟ. ಆರು ತಿಂಗಳೊಳಗೆ ತಾನೇ ಹೋಗುತ್ತೆ.

20 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ನಿಂತರೆ, ಇಲ್ಲವೇ ಅದಕ್ಕಿಂತ ಕಮ್ಮಿ ಹೊತ್ತಾದರೂ ನೀಲಿಯಾದರೆ, ಬಿಳಿಚಿದರೆ, ಕೈಕಾಲು ಬಟ್ಟೆ ಥರ ಜೋತುಬಿದ್ದರೆ, ಅದು ಅಪ್ನಿಯಾ. ಆಗ ಕಾಯಬಾರದು, ಆಸ್ಪತ್ರೆಗೆ ಹೊರಡಬೇಕು.

ನೀಲಿ ಅಂದರೆ ಎಲ್ಲಿ ನೋಡಬೇಕು ಅನ್ನೋದರಲ್ಲೇ ತುಂಬ ಜನ ತಪ್ಪುತ್ತಾರೆ. ಅಂಗೈ, ಅಂಗಾಲು ಮೊದಲ ದಿನಗಳಲ್ಲಿ ಸ್ವಲ್ಪ ನೀಲಿ ಇರೋದು, ತಣ್ಣಗಾದಾಗ ಹಾಗಾಗೋದು ಮಾಮೂಲಿ. ನಮ್ಮ ಮಕ್ಕಳ ಮೈಬಣ್ಣದಲ್ಲಿ ಕೆನ್ನೆ ನೋಡಿ ಹೇಳೋಕೂ ಆಗಲ್ಲ. ನಾಲಿಗೆ, ವಸಡು, ತುಟಿಯ ಒಳಭಾಗ ನೋಡಿ. ಹಳದಿ ಜೀರೋ ಬಲ್ಬಲ್ಲಿ ಬಣ್ಣ ತಿಳಿಯಲ್ಲ, ಬಿಳಿ ಬೆಳಕಿನ ಟಾರ್ಚು ಪಕ್ಕದಲ್ಲಿರಲಿ.

ಉಸಿರು ಎಣಿಸೋದು ಮನೇಲಿ ಇಬ್ಬರಿಗಾದರೂ ಬರಬೇಕು. ಮಗು ನಿದ್ದೆಯಲ್ಲಿರಬೇಕು ಅಥವಾ ಸುಮ್ಮನಿರಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಅಂಗಿ ಮೇಲೆತ್ತಿ ಹೊಟ್ಟೆ ನೋಡಿ, ಎದೆಯಲ್ಲ. ಈ ವಯಸ್ಸಲ್ಲಿ ಉಸಿರಾಟ ಹೊಟ್ಟೆಯಿಂದಲೇ. ಒಂದು ಸಲ ಉಬ್ಬಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ: ನಿಮ್ಮ ಮಗು ಬಿಟ್ಟು ಬಿಟ್ಟು ಉಸಿರಾಡುತ್ತೆ, ಆ 15 ಸೆಕೆಂಡಲ್ಲಿ ಓಟ ಸಿಕ್ಕಿದರೆ ಲೆಕ್ಕ 80 ದಾಟುತ್ತೆ, ನಿಲುಗಡೆ ಸಿಕ್ಕಿದರೆ 30ಕ್ಕೆ ಇಳಿಯುತ್ತೆ. 30ರಿಂದ 60ರ ಒಳಗೆ ಇದ್ದರೆ ಸರಿ. 60 ಅಥವಾ ಮೇಲೆ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಎಣಿಸಿ. ಎರಡನೇ ಸಲವೂ ಅಷ್ಟೇ ಬಂದರೆ ಅವತ್ತೇ ತೋರಿಸಿ.

ಎಣಿಕೆ ಸರಿ ಇದ್ದರೂ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆದುಕೊಂಡರೆ, ಪ್ರತಿ ಉಸಿರಿಗೂ ನರಳಿದರೆ, ಮೂಗಿನ ಹೊಳ್ಳೆ ಅರಳಿದರೆ, ಕುಡಿಯುತ್ತಿದ್ದ ಮಗು ಹಾಲು ಬಿಟ್ಟರೆ, ಕಂಕುಳಲ್ಲಿ ಇಟ್ಟ ಥರ್ಮಾಮೀಟರ್ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ, ಇಲ್ಲ 35.5ಕ್ಕಿಂತ ಕೆಳಗೆ ತೋರಿಸಿದರೆ ಯಾವ ಮಾನಿಟರಿನ ಮಾತೂ ಕೇಳಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ, ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ, ಎರಡರಲ್ಲೂ ಹಸುಗೂಸುಗಳನ್ನು ನೋಡುವ ವ್ಯವಸ್ಥೆ ಇದೆ.

ಬಯೋಮೆಡಿಕಲ್_ಮೈಸೂರು:

ಯಂತ್ರಗಳ ಬಗ್ಗೆ ನಾನು ಹೇಳ್ತೀನಿ. ನೀವು ಬರೆದಿರೋ ತೊಟ್ಟಿಲು, ಅಮ್ಮನ ಪಕ್ಕದ ಹಾಸಿಗೆ, ಇವೆರಡರಲ್ಲೇ ಅರ್ಧ ಉತ್ತರ ಇದೆ.

ಪ್ಯಾಡಿನ ಕೆಲಸ ಅಲುಗಾಟ ಹಿಡಿಯೋದು. ಮಗು ಉಸಿರಾಡಿದಾಗ ಹಾಸಿಗೆಗೆ ಬೀಳುವ ಸಣ್ಣ ಒತ್ತಡದ ಏರಿಳಿತವನ್ನು ಅದು ಓದುತ್ತೆ, 20 ಸೆಕೆಂಡು ಏನೂ ಸಿಗದಿದ್ದರೆ ಕೂಗುತ್ತೆ. ಅದನ್ನು ಮಾಡಿರೋದು ನೆಲಕ್ಕೆ ಗಟ್ಟಿಯಾಗಿ ಕೂತ, ಮಗು ಒಂದೇ ಮಲಗುವ ಕಟಕಟೆ ಮಂಚಕ್ಕೆ. ಅಡಿಯಲ್ಲಿ ಪಟ್ಟಿಗಳ ಬದಲು ಸಮತಟ್ಟಾದ ಪ್ಲೈವುಡ್ ಹಲಗೆ, ಅದರ ಮೇಲೆ ಪ್ಯಾಡು, ಮೇಲೆ ಗಟ್ಟಿ ಹಾಸಿಗೆ. ಅಮ್ಮ ಮಲಗಿರೋ ಹಾಸಿಗೆ ಕೆಳಗೆ ಇಟ್ಟರೆ ಅದು ಅಮ್ಮನ ಉಸಿರನ್ನೇ ಮಗುವಿನದು ಅಂತ ಓದಿಕೊಂಡು ಬೆಳಗಿನವರೆಗೆ ಹಸಿರು ದೀಪ ಉರಿಸುತ್ತೆ. ತೂಗುವ ತೊಟ್ಟಿಲಲ್ಲೂ ಇದೇ ಗತಿ. ಸೀರೆ ಜೋಲಿಯಲ್ಲಂತೂ ಪ್ಯಾಡು ಕೂರೋದೇ ಇಲ್ಲ.

ಯಾರ ಮನೇಲಾದರೂ ಈಗಾಗಲೇ ಪ್ಯಾಡು ಇದ್ದರೆ ಒಂದು ಪರೀಕ್ಷೆ ಮಾಡಿ. ಮಗುವನ್ನು ಎತ್ತಿಕೊಳ್ಳಿ. ಮಾನಿಟರ್ ಆನ್ ಇರಲಿ, ಫ್ಯಾನು ರಾತ್ರಿ ಇಡುವ ಸ್ಪೀಡಲ್ಲೇ ಓಡಲಿ, ಪಕ್ಕದ ಮಂಚದಲ್ಲಿ ಒಬ್ಬರು ಮಲಗಿರಲಿ, ಸಾಧ್ಯವಾದರೆ ವಾಷಿಂಗ್ ಮಷಿನ್ನೂ ಓಡಲಿ. ಖಾಲಿ ಹಾಸಿಗೆಗೆ 20–25 ಸೆಕೆಂಡಲ್ಲಿ ಅಲಾರಂ ಹೊಡೆಯಲೇಬೇಕು. ಹೊಡೆಯಲಿಲ್ಲ ಅಂದರೆ ಅದು ಫ್ಯಾನಿನ ಗಾಳಿಯನ್ನೋ ನೆಲದ ಅದುರನ್ನೋ ಮಗು ಅಂತ ಎಣಿಸ್ತಿದೆ. ಸೆನ್ಸಿಟಿವಿಟಿ ತಿರುಗಿಸುವ ಗುಂಡಿ ಇದ್ದರೆ ಇಳಿಸಿ ಮತ್ತೆ ನೋಡಿ. ಜಾಸ್ತಿ ಇಳಿಸಿದರೆ ಮಗು ಮಲಗಿರುವಾಗಲೇ ಸುಳ್ಳು ಅಲಾರಂ ಶುರುವಾಗುತ್ತೆ.

ಕ್ಲಿಪ್ಪು ಸೊಂಟದ ಹತ್ತಿರ ಡೈಪರಿನ ಅಂಚಿಗೆ ಕೂತು ಹೊಟ್ಟೆಯ ಚಲನೆ ಹಿಡಿಯುತ್ತೆ. ಡೈಪರ್ ಸಡಿಲಾಗಿದ್ದರೆ ಕ್ಲಿಪ್ಪು ಹೊಟ್ಟೆಗೆ ತಾಗಲ್ಲ, ಸುಳ್ಳು ಅಲಾರಂ. ಬಟ್ಟೆ ಲಂಗೋಟಿಗೆ ಅದು ನೆಟ್ಟಗೆ ನಿಲ್ಲಲ್ಲ. ತೊಟ್ಟಿಲು ತೂಗುತ್ತಿದ್ದರೆ, ಮಗು ತೊಡೆ ಮೇಲಿದ್ದರೆ ಇದೂ ನಮ್ಮ ಅಲುಗಾಟವನ್ನೇ ಓದುತ್ತೆ.

ಈ ಎರಡಕ್ಕೂ ಇರುವ ದೊಡ್ಡ ಕುರುಡು ಬೇರೆ. ಮೂಗು ಬಾಯಿಗೆ ದಿಂಬೋ ದುಪ್ಪಟಿಯೋ ಅಡ್ಡ ಬಂದರೆ ಮಗು ಕೂಡಲೇ ಉಸಿರಾಟದ ಪ್ರಯತ್ನ ನಿಲ್ಲಿಸಲ್ಲ. ಎದೆ, ಹೊಟ್ಟೆ ಏಳ್ತಾ ಬೀಳ್ತಾ ಇರುತ್ತೆ, ಗಾಳಿ ಮಾತ್ರ ಒಳಗೆ ಹೋಗ್ತಿರಲ್ಲ. ಯಂತ್ರಕ್ಕೆ ಕಾಣೋದು ಚಲನೆ ಅಷ್ಟೇ, ಸುಮ್ಮನಿರುತ್ತೆ. ಅದು ಕೂಗೋ ಹೊತ್ತಿಗೆ ಮಗುವಿನ ಶಕ್ತಿ ಮುಗಿದಿರುತ್ತೆ.

ಸಾಕ್ಸು ಪಲ್ಸ್ ಆಕ್ಸಿಮೀಟರ್. ಕೆಂಪು ಬೆಳಕು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಎರಡನ್ನೂ ಪಾದದೊಳಗೆ ಹಾಯಿಸಿ, ಪ್ರತಿ ನಾಡಿಬಡಿತಕ್ಕೂ ಎಷ್ಟು ಹೀರಿಕೆಯಾಯ್ತು ಅಂತ ಅಳೆದು ಆಕ್ಸಿಜನ್ ಲೆಕ್ಕ ಹಾಕುತ್ತೆ. ತತ್ವ ಒಳ್ಳೇದು. ಕೆಡೋದು ಕಾಲು ಒದೆಯುವಾಗ, ಪಾದ ತಣ್ಣಗಾದಾಗ, ಎಣ್ಣೆ ತಿಕ್ಕಿ ನೀರೆರೆದ ಮೇಲೆ ಪಾದದಲ್ಲಿ ಜಿಡ್ಡು ಉಳಿದು ಸೆನ್ಸರ್ ಜಾರಿದಾಗ. ಬಿಗಿ ಮಾಡಿದರೆ ರಕ್ತ ಓಡಾಟ ಕಮ್ಮಿಯಾಗಿ ಅಂಕಿ ಕೆಡುತ್ತೆ, ಚರ್ಮದಲ್ಲಿ ಗುರುತು ಬೀಳುತ್ತೆ. ಕಾಲು ಬದಲಾಯಿಸ್ತಾ ಇರಬೇಕು. ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಕೇಳುತ್ತವೆ. ಕರೆಂಟ್ ಹೋದರೆ ಸಾಕ್ಸಿನಲ್ಲಿ ಬ್ಯಾಟರಿ ಇದ್ದರೂ ರೂಟರ್ ಸಾಯುತ್ತೆ, ಫೋನಿಗೆ ಸುದ್ದಿ ಬರಲ್ಲ. ರೂಟರ್, ಬೇಸ್ (ಸಾಕ್ಸಿನ ಸಿಗ್ನಲ್ ಹಿಡಿಯುವ ಪೆಟ್ಟಿಗೆ) ಎರಡೂ ಇನ್ವರ್ಟರ್ ಲೈನಲ್ಲಿರಬೇಕು.

ಬೆರಳಿನ ಆಕ್ಸಿಮೀಟರ್ ಬೇಡವೇ ಬೇಡ. ಅದರ ಗೂಡು ದೊಡ್ಡವರ ಬೆರಳಿನ ಅಳತೆಗಿದೆ. ಹಸುಗೂಸಿನ ಪಾದದಲ್ಲಿ ಬೆಳಕು ಪಕ್ಕದಿಂದ ಸೋರಿ ನೇರ ಇನ್ನೊಂದು ಬದಿ ತಲುಪುತ್ತೆ. ಇರೋ ತೊಂದರೆ ಮುಚ್ಚಿ 97 ತೋರಿಸಬಹುದು, ಚೆನ್ನಾಗಿರೋ ಮಗುವಿಗೆ 82 ತೋರಿಸಿ ನಿಮ್ಮನ್ನು ಓಡಿಸಲೂಬಹುದು.

ಇನ್ನೊಂದು, ವೈರು. 2013ರಲ್ಲಿ ಅಮೆರಿಕದಲ್ಲಿ ಒಂದು ಹೆಸರಾಂತ ಪ್ಯಾಡ್ ಮಾನಿಟರಿನ ಸುಮಾರು 6 ಲಕ್ಷ ಸೆಟ್ಟುಗಳನ್ನು ವಾಪಸ್ ಕರೆಸಬೇಕಾಯ್ತು. ಪ್ಯಾಡಿನ ವೈರು ಕುತ್ತಿಗೆಗೆ ಸುತ್ತಿ ಎರಡು ಮಕ್ಕಳು ತೀರಿಕೊಂಡಿದ್ದವು. ಯಾವ ವೈರೂ ಮಗುವಿನಿಂದ ಒಂದು ಮೀಟರ್ ಒಳಗೆ ಬರಬಾರದು.

ಮಕ್ಕಳ_ವೈದ್ಯ_ಸರಸ್ವತಿಪುರಂ:

ಮೇಲಿನ ಇಬ್ಬರೂ ಹೇಳಿದ್ದು ಸರಿ. ವೈದ್ಯಕೀಯ ಪುರಾವೆ ಏನು ಹೇಳುತ್ತೆ ಅನ್ನೋದನ್ನಷ್ಟೇ ಸೇರಿಸುತ್ತೇನೆ.

ನಿದ್ದೆಯಲ್ಲಿ ಶಿಶು ಹಠಾತ್ತನೆ ತೀರಿಕೊಳ್ಳುವುದನ್ನು ಮನೆಯ ಮಾನಿಟರ್ ತಡೆಯುತ್ತದೆ ಎಂದು ಈವರೆಗೆ ಯಾವ ಅಧ್ಯಯನವೂ ತೋರಿಸಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಮಾರ್ಗಸೂಚಿ ಈ ಉದ್ದೇಶಕ್ಕೆ ಅವನ್ನು ಬಳಸಬೇಡಿ ಎಂದೇ ಹೇಳುತ್ತದೆ. 2001ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಶಿಶುಗಳಿಗೆ ಮನೆಯಲ್ಲೇ ಮಾನಿಟರ್ ಹಾಕಿ ನೋಡಿದ್ದರು; ದಿನ ತುಂಬಿ ಹುಟ್ಟಿದ ಆರೋಗ್ಯವಂತ ಶಿಶುಗಳಲ್ಲೂ ಅಲಾರಂ ಹೊಡೆಯುವಂಥ ಘಟನೆಗಳು ಸಾಮಾನ್ಯವಾಗಿದ್ದವು. ಅಂದರೆ ಅಲಾರಂ ಆಯಿತೆಂದ ಮಾತ್ರಕ್ಕೆ ಅಪಾಯವಲ್ಲ, ಆಗಲಿಲ್ಲವೆಂದು ಕ್ಷೇಮವೂ ಅಲ್ಲ. 2018ರಲ್ಲಿ ಎರಡು ಬ್ರಾಂಡಿನ ಕಾಲಿನ ಮಾನಿಟರುಗಳನ್ನು ಆಸ್ಪತ್ರೆಯ ಉಪಕರಣದ ಜೊತೆ ಹೋಲಿಸಿದಾಗ, ಒಂದು ಆಕ್ಸಿಜನ್ ಇಳಿದದ್ದನ್ನು ಕೆಲವೊಮ್ಮೆ ಹಿಡಿದು ಕೆಲವೊಮ್ಮೆ ಬಿಟ್ಟಿತು, ಇನ್ನೊಂದು ಒಮ್ಮೆಯೂ ಹಿಡಿಯಲಿಲ್ಲ. ಆಮೇಲೆ, 2023ರಲ್ಲಿ, ಅಮೆರಿಕದ ಔಷಧ ನಿಯಂತ್ರಕರು ಒಂದು ಸಾಕ್ಸಿಗೆ ಅನುಮತಿ ಕೊಟ್ಟರು ನಿಜ. ಆದರೆ ಅದು 1ರಿಂದ 18 ತಿಂಗಳ ಆರೋಗ್ಯವಂತ ಮಕ್ಕಳಿಗೆ. 12 ದಿನದ ಮಗು ಆ ಅನುಮತಿಯೊಳಗೇ ಬರುವುದಿಲ್ಲ.

1990ರ ದಶಕದಲ್ಲಿ ಈ ಸಾವುಗಳು ಅಲ್ಲಿ ಅರ್ಧಕ್ಕಿಂತ ಕೆಳಗಿಳಿದದ್ದು ಮಗುವನ್ನು ಅಂಗಾತ ಮಲಗಿಸಿ ಎಂಬ ಪ್ರಚಾರದಿಂದ.

ಮಾನಿಟರ್ ನಿಜವಾಗಿ ಬೇಕಾದವರಿದ್ದಾರೆ: ಅವಧಿಗೆ ತುಂಬ ಮುಂಚೆ ಹುಟ್ಟಿ ಅಪ್ನಿಯಾ ಮುಂದುವರಿದಿರುವ ಮಗು, ಮನೆಯಲ್ಲಿ ಆಕ್ಸಿಜನ್ ಮೇಲಿರುವ ಮಗು, ಕುತ್ತಿಗೆಯಲ್ಲಿ ಉಸಿರಿನ ಟ್ಯೂಬ್ ಇರುವ ಮಗು. ಅಂಥವರಿಗೆ ವೈದ್ಯರೇ ಬರೆದುಕೊಟ್ಟ, ದಾಖಲೆ ಉಳಿಸುವ ವೈದ್ಯಕೀಯ ಉಪಕರಣ ಬೇಕು. ಎಷ್ಟಕ್ಕೆ ಅಲಾರಂ ಇಡಬೇಕು, ಹೊಡೆದರೆ ಏನು ಮಾಡಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಡಿಸ್ಚಾರ್ಜ್ ಆಗುವಾಗಲೇ ಬರೆಸಿಕೊಳ್ಳಬೇಕು. ನಿಮ್ಮ ಮಗು ಈ ಗುಂಪಿನಲ್ಲಿಲ್ಲ.

ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ವಿಷಯ ಹುಡುಕಿ. ಹುಟ್ಟಿ 24 ಗಂಟೆಯ ನಂತರ ಬಲಗೈಗೂ ಒಂದು ಪಾದಕ್ಕೂ ಆಕ್ಸಿಮೀಟರ್ ಹಾಕಿ ನೋಡುವ ಪರೀಕ್ಷೆಯಿದೆ. 95 ಅಥವಾ ಮೇಲೆ ಇದ್ದು ಎರಡರ ನಡುವೆ ವ್ಯತ್ಯಾಸ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಪಾಸು. ಹುಟ್ಟಿನಿಂದ ಬರುವ ಗಂಭೀರ ಹೃದಯ ದೋಷಗಳಲ್ಲಿ ಹಲವನ್ನು ಅದು ಹಿಡಿಯುತ್ತದೆ. ಚೀಟಿಯಲ್ಲಿ ಕಾಣದಿದ್ದರೆ ಮುಂದಿನ ತಪಾಸಣೆಯಲ್ಲಿ ಕೇಳಿ. ಐದು ನಿಮಿಷದ ಆ ಪರೀಕ್ಷೆ ರಾತ್ರಿಯಿಡೀ ಸಾಕ್ಸು ಹಾಕುವುದಕ್ಕಿಂತ ಉಪಯುಕ್ತ.

ಮಂಡ್ಯ_ಅಪ್ಪ:

ಎಲ್ಲರಿಗೂ ಧನ್ಯವಾದ. ಆರ್ಡರ್ ನಿಲ್ಲಿಸಿದ್ದೀನಿ. ಒಂದು ತೊಡಕು: ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೇರುತ್ತೆ, ಮಗ್ಗುಲಿಗೆ ಮಲಗಿಸಬೇಕು ಅಂತಾರೆ ಅತ್ತೆ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಇಟ್ಟಿದ್ದಾರೆ. ಸಂಜೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೋಣೆ ಬಾಗಿಲು ಮುಚ್ಚುತ್ತಾರೆ. ಇದೆಲ್ಲಾ ಬಿಡಿಸಬೇಕಾ? ಮತ್ತೆ, ನಿಜವಾಗ್ಲೂ ಉಸಿರು ನಿಂತರೆ ಕೈಯಲ್ಲಿ ಏನು ಮಾಡಬೇಕು?

ಆಶಾ_ತರಬೇತಿ_ಮದ್ದೂರು:

ಅತ್ತೆಯವರ ಭಯ ಸುಮ್ಮನೆ ಬಂದಿದ್ದಲ್ಲ, ಅದಕ್ಕೆ ಸರಿಯಾದ ಉತ್ತರ ಕೊಟ್ಟರೆ ಅವರೇ ಒಪ್ಪುತ್ತಾರೆ. ಮಗು ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತೆ, ಅನ್ನನಾಳ ಕೆಳಗಿರುತ್ತೆ. ಕಕ್ಕಿದ ಹಾಲು ಕೆಳಗಿನ ಕೊಳವೆ ಬಾಯಲ್ಲೇ ಉಳಿಯುತ್ತೆ, ಉಸಿರಿನ ಕೊಳವೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದರೆ ಈ ಲೆಕ್ಕ ತಿರುಗುಮುರುಗು. ಮಗ್ಗುಲಿಗೆ ಮಲಗಿಸಿದ ಮಗು ಯಾವಾಗ ಬೋರಲಾಗುತ್ತೋ ಹೇಳೋಕಾಗಲ್ಲ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಹತ್ತು ಹದಿನೈದು ನಿಮಿಷ ನೆಟ್ಟಗೆ ಎತ್ತಿಕೊಂಡಿದ್ದು ಆಮೇಲೆ ಅಂಗಾತ ಮಲಗಿಸಿ.

ಸಾಸಿವೆ ದಿಂಬು ತೆಗೀರಿ. ಹಸುಗೂಸಿನ ತಲೆ ಹಿಂಭಾಗ ಮೊದಲೇ ದೊಡ್ಡದು, ಕೆಳಗೆ ಇನ್ನೊಂದು ಎತ್ತರ ಕೊಟ್ಟರೆ ಗದ್ದ ಎದೆಗೆ ಒತ್ತಿಕೊಳ್ಳುತ್ತೆ, ಉಸಿರಿನ ದಾರಿ ಮಡಚುತ್ತೆ. ಗದ್ದ ಮತ್ತು ಎದೆ ನಡುವೆ ನಿಮ್ಮ ಒಂದು ಬೆರಳು ಸಲೀಸಾಗಿ ಹೋಗಬೇಕು, ಅದೇ ಅಳತೆ. ಸೀರೆ ಜೋಲಿಯಲ್ಲೂ ಮಗು ಬಿಲ್ಲಿನ ಹಾಗೆ ಬಾಗಿ ಇದೇ ತೊಂದರೆ ಆಗೋದು, ಅದಕ್ಕೇ ಜೋಲಿಯಲ್ಲಿ ರಾತ್ರಿ ನಿದ್ದೆ ಬೇಡ. ತಲೆ ದುಂಡಗಾಗೋಕೆ ಒಂದು ನಿದ್ದೆಗೆ ಮುಖ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ ತಿರುಗಿಸಿ. ಎಚ್ಚರ ಇದ್ದಾಗ ಎದುರಿಗೇ ಕೂತು ಸ್ವಲ್ಪ ಹೊತ್ತು ಬೋರಲು ಹಾಕಿ.

ತೊಟ್ಟಿಲ ಅಡಿ ಸಮತಟ್ಟಾಗಿದೆಯಾ ನೋಡಿ. ಫೋನಲ್ಲಿರೋ ಲೆವೆಲ್ ಆ್ಯಪ್ ಇಟ್ಟರೆ 10 ಡಿಗ್ರಿಗಿಂತ ಜಾಸ್ತಿ ವಾಲಿರಬಾರದು. ಹಳೇ ಹತ್ತಿ ಹಾಸಿಗೆ ನಡುವಲ್ಲಿ ಗುಂಡಿ ಬಿದ್ದಿರುತ್ತೆ, ಅಂಗೈ ಒತ್ತಿ ತೆಗೆದಾಗ ಕೈಗುರುತು ಉಳಿದರೆ ಅದು ಮಗುವಿಗೆ ಮೆತ್ತಗಾಯ್ತು. ರಾತ್ರಿಗೆ ನೆಲದ ಮೇಲೆ ಚಾಪೆ, ಅದರ ಮೇಲೆ ಮಡಚಿದ ಜಮಖಾನ, ಬಿಗಿಯಾಗಿ ಹಾಸಿದ ಹಳೇ ಪಂಚೆ: ಮಗುವಿಗೆ ಇದಕ್ಕಿಂತ ಒಳ್ಳೆ ಹಾಸಿಗೆ ಅಂಗಡಿಯಲ್ಲಿಲ್ಲ. ಅಮ್ಮನ ಹಾಸಿಗೆಗೆ ಕೈಯಳತೆ ದೂರದಲ್ಲಿ ಬೇರೆಯಾಗಿ ಇರಲಿ, ಗೋಡೆಗೂ ಹಾಸಿಗೆಗೂ ನಡುವೆ ಸಂದು ಬೇಡ. ಕುಡಿಸುತ್ತಾ ಅಮ್ಮನಿಗೆ ನಿದ್ದೆ ಬಂದರೆ ಸೋಫಾದಲ್ಲಿ ಮಾತ್ರ ಬರಬಾರದು, ಅದು ಎಲ್ಲಕ್ಕಿಂತ ಅಪಾಯ.

ಕೆಂಡದ ವಿಷಯದಲ್ಲಿ ರಾಜಿ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಾಣಂತಿ ಕೂದಲಿಗೆ ಸಾಂಬ್ರಾಣಿ ಬೇಕೇ ಬೇಕು ಅಂದರೆ ಹಜಾರದಲ್ಲೋ ಹಿತ್ತಲಲ್ಲೋ ಹಿಡಿಸಿಕೊಳ್ಳಲಿ, ಮಗು ಬೇರೆ ಕೋಣೆಯಲ್ಲಿರಲಿ. ಬೀಡಿ, ಸಿಗರೇಟು ಮನೆಯೊಳಗೇ ಬೇಡ.

ಬೆಚ್ಚಗಿರಲಿ ಅಂತ ಕುಲಾವಿ, ಸ್ವೆಟರ್, ಮೇಲೆ ದುಪ್ಪಟಿ ಎಲ್ಲಾ ಹೇರಬೇಡಿ. ನಮಗಿಂತ ಒಂದು ಪದರ ಜಾಸ್ತಿ ಸಾಕು. ಕತ್ತಿನ ಹಿಂಭಾಗ ಮುಟ್ಟಿ. ಬೆವರಿದ್ದರೆ ಒಂದು ಪದರ ತೆಗೀರಿ. ನಿದ್ದೆಗೆ ಹಾಕುವಾಗ ಕುಲಾವಿ ಬಿಚ್ಚಿ, ಅದು ಜಾರಿ ಮೂಗಿನ ಮೇಲೆ ಬರುತ್ತೆ. ಸ್ನಾನದಲ್ಲಿ ಮೂಗಿಗೆ ಎಣ್ಣೆ ಬಿಡೋದಂತೂ ಪೂರ್ತಿ ನಿಲ್ಲಿಸಿ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತೆ.

ಬಯೋಮೆಡಿಕಲ್_ಮೈಸೂರು:

ಕೆಂಡದ ಮಾತಿಗೆ ಒಂದು ಸೇರಿಸ್ತೀನಿ. ಎರಡೇ ಬೆಳಕಿನ ಆಕ್ಸಿಮೀಟರಿಗೆ ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಆಕ್ಸಿಜನ್ ಇರೋ ರಕ್ತದ ಥರವೇ ಕಾಣುತ್ತೆ. ಮಗು ವಿಷಗಾಳಿ ಕುಡೀತಿದ್ದರೂ ಸಾಕ್ಸು 98 ಅಂತಲೇ ಹೇಳ್ತಿರುತ್ತೆ.

ಎನ್‌ಐಸಿಯು_ಸಿಸ್ಟರ್:

ಉಸಿರು ನಿಂತರೆ: ಅಂಗಾಲಿಗೆ ಬೆರಳಿಂದ ತಟ್ಟಿ, ಬೆನ್ನು ಜೋರಾಗಿ ಉಜ್ಜಿ, ಹೆಸರು ಹಿಡಿದು ಕೂಗಿ. ಮಗುವನ್ನು ಕುಲುಕಬೇಡಿ, ತಲೆಕೆಳಗೆ ಹಿಡಿಯಬೇಡಿ, ಮುಖಕ್ಕೆ ನೀರು ಎರಚಬೇಡಿ. ಬಾಯಲ್ಲಿ ಹಾಲು ಕಂಡರೆ ತಲೆ ಒಂದು ಬದಿಗೆ ತಿರುಗಿಸಿ ಬಟ್ಟೆಯಿಂದ ಒರೆಸಿ. ಕಾಣದೇ ಇರೋದನ್ನು ಹುಡುಕಿ ಬೆರಳು ಹಾಕಬೇಡಿ.

ಅಷ್ಟಕ್ಕೂ ಉಸಿರು ಬರಲಿಲ್ಲ, ಮೈ ಅಲುಗಲಿಲ್ಲ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರಲ್ಲಿ ಇಡಲಿ. ಇನ್ನೊಬ್ಬರು ಮಗುವನ್ನು ನೆಲದ ಮೇಲೆ ಅಂಗಾತ ಹಾಕಿ, ಹೆಗಲ ಕೆಳಗೆ ಮಡಚಿದ ಟವೆಲ್ ಇಟ್ಟರೆ ಮುಖ ನೇರ ಸೂರು ನೋಡುತ್ತೆ. ತಲೆ ತೀರಾ ಹಿಂದಕ್ಕೆ ಬಾಗಿಸಬಾರದು. ನಿಮ್ಮ ಬಾಯಿಂದ ಮಗುವಿನ ಮೂಗು, ಬಾಯಿ ಎರಡನ್ನೂ ಮುಚ್ಚಿ ಎರಡು ಸಲ ಊದಿ, ಒಂದೊಂದು ಒಂದು ಸೆಕೆಂಡು. ನಿಮ್ಮ ಕೆನ್ನೆಯಲ್ಲಿರೋವಷ್ಟೇ ಗಾಳಿ. ಎದೆ ಎದ್ದದ್ದು ಕಂಡರೆ ಸಾಕು. ಆಮೇಲೆ ಎರಡೂ ಕೈಯಿಂದ ಎದೆಗೂಡು ಬಳಸಿ ಹಿಡಿದು, ಎರಡೂ ಹೆಬ್ಬೆರಳನ್ನು ಮೊಲೆತೊಟ್ಟಿನ ಸಾಲಿಗಿಂತ ಸ್ವಲ್ಪ ಕೆಳಗೆ, ಎದೆಯ ನಡುವಿನ ಮೂಳೆ ಮೇಲಿಟ್ಟು ಒತ್ತಿ. ಆಳ ಎದೆಯ ಮೂರನೇ ಒಂದು ಭಾಗ, ಸುಮಾರು 4 ಸೆಂಟಿಮೀಟರ್. ನಿಮಿಷಕ್ಕೆ 100ರಿಂದ 120ರ ವೇಗ. ಪ್ರತಿ ಒತ್ತಿಗೂ ಎದೆ ಪೂರ್ತಿ ಮೇಲೆ ಬರೋಕೆ ಬಿಡಿ. 30 ಒತ್ತು, 2 ಊದು. ಮಗು ಅಳುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ. ಓದಿದ್ದು ಕೈಗೆ ಇಳಿಯಲ್ಲ, ಹೆರಿಗೆ ಆದ ಆಸ್ಪತ್ರೆಯಲ್ಲಿ ಕೇಳಿದರೆ ಗೊಂಬೆ ಮೇಲೆ ತೋರಿಸಿಕೊಡ್ತಾರೆ. ಅಪ್ಪ, ಅಮ್ಮ, ಅಜ್ಜಿ ಮೂವರೂ ಕಲೀರಿ.

ಮಂಡ್ಯ_ಅಪ್ಪ:

ದಿಂಬು ತೆಗೆದಾಯ್ತು, ಕೆಂಡ ಹಿತ್ತಲಿಗೆ ಹೋಯ್ತು. ಇವತ್ತು ಎರಡು ಸಲ ಪೂರ್ತಿ ನಿಮಿಷ ಎಣಿಸಿದೆವು: 44, 48. ಇನ್ನೇನಾದರೂ ಬರೆದಿಡಬೇಕಾ?

ಆಶಾ_ತರಬೇತಿ_ಮದ್ದೂರು:

44, 48 ಚೆನ್ನಾಗಿದೆ. ನಾಡಿದ್ದು 14ನೇ ದಿನ, ಆಶಾ ಕಾರ್ಯಕರ್ತೆ ಮನೆಗೆ ಬರುವ ದಿನ. ಆಮೇಲೆ 21, 28, 42ನೇ ದಿನ. ಅವರ ತಕ್ಕಡಿಯಲ್ಲಿ ಮಗುವನ್ನು ತೂಗಿಸಿ ತಾಯಿ ಕಾರ್ಡಲ್ಲಿ ಬರೆಸಿ. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕ 2.6 ಮತ್ತೆ ಮುಟ್ಟಿರಬೇಕು, ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಮುಟ್ಟಿಲ್ಲ ಅಂದರೆ ಹಾಲು ಕುಡಿಸುವ ಕ್ರಮ ನೋಡೋಕೆ ಅವರಿಗೇ ಹೇಳಿ, ಮಕ್ಕಳ ಡಾಕ್ಟರಿಗೂ ಆ ವಾರವೇ ತೋರಿಸಿ.